ನೀರುನಾಯಿಯ ಒಳಗೆ ಯಾರೂ ಇಲ್ಲ

ನೀರುನಾಯಿಯ ಒಳಗೆ ಯಾರೂ ಇರುವುದಿಲ್ಲ. ನಮ್ಮ ಕೆಲಸದ ಮೊದಲ ಪಾಠವೇ ಇದು. ಮಕ್ಕಳು ಕೇಳುತ್ತಾರೆ, ಕುಡಿದ ಗಂಡಸರು ಕೇಳುತ್ತಾರೆ, ಪತ್ರಿಕೆಯವರು ಕಣ್ಣು ಮಿಟುಕಿಸಿ ಕೇಳುತ್ತಾರೆ: ಒಳಗಿರೋದು ಯಾರು? ನಾನು ಹಲ್ಲು ಬಿಟ್ಟು ಹೇಳಬೇಕು, "ಒಳಗಾ? ಬೆಳಿಗ್ಗೆ ತಿಂದ ಮೀನಿದೆ, ಅಷ್ಟೇ." ಎಲ್ಲರೂ ನಗುತ್ತಾರೆ. ಎಲ್ಲರಿಗೂ ಗೊತ್ತು, ಆದರೂ ಯಾರಿಗೂ ಗೊತ್ತಿಲ್ಲ. ಕಂಡದ್ದನ್ನು ಕಾಣದ ಹಾಗೆ ಇರುವುದೇ ನಮ್ಮ ಜನರ ಮರ್ಯಾದೆ. ನನಗೆ ಈ ಮರ್ಯಾದೆ ಅಷ್ಟಾಗಿ ಹಿಡಿಸದು, ಆದರೆ ಸಂಬಳ ಕೊಡುವವರು ನನ್ನ ಅಭಿಪ್ರಾಯ ಕೇಳಿರಲಿಲ್ಲ.

ನನ್ನ ಹೆಸರು ತಮಾಯೆ, ಗೌರವ ಕೊಡುವವರಿಗೆ ತಮಾಯೆಸಾನ್. ಇಪ್ಪತ್ತು ವರ್ಷ ಪ್ರವಾಸದ ಬಸ್ಸಿನಲ್ಲಿ ನಿಂತು, ಕೈಯಲ್ಲಿ ಪುಟ್ಟ ಬಾವುಟ ಹಿಡಿದು, ಎಡಗಡೆ ಕೋಟೆ, ಬಲಗಡೆ ಜಲಪಾತ ಎಂದು ಒದರಿದವಳು. ಮಂಡಿನೋವು ಬಂದು ಬಸ್ಸು ಬಿಟ್ಟೆ, ದನಿ ಮಾತ್ರ ಗಟ್ಟಿಯಾಗಿತ್ತು. ಆ ದನಿ ವಿಶ್ವಮೇಳದ ಪ್ರಚಾರದವರಿಗೆ ಬೇಕಾಯಿತು. ಮುಂದಿನ ವಸಂತದಲ್ಲಿ ಕೊಲ್ಲಿಯ ದಡದಲ್ಲಿ ನಡೆಯಲಿದ್ದ ಮೇಳ ಅದು. ಅದರ ಗುರುತಿನ ಪ್ರಾಣಿ ನೀರುನಾಯಿ, ಹೆಸರು ಕವಾಮಾರು. ಕಂದು ತುಪ್ಪಳ, ಹೊಟ್ಟೆಯ ಮೇಲೊಂದು ಬಿಳಿ ಚಿಪ್ಪು, ಯಾವಾಗಲೂ ನಗುವ ಬಾಯಿ. ಊರೂರು ಸುತ್ತಿ ಜನರನ್ನು ಮೇಳಕ್ಕೆ ಕರೆಯುವುದು ಅವನ ಕೆಲಸ. ಅವನ ಕೈ ಹಿಡಿದು ನಡೆಸುವುದು, ಅವನ ಪರವಾಗಿ ಮಾತಾಡುವುದು ನನ್ನದು. ಕವಾಮಾರು ಮಾತಾಡುವಂತಿಲ್ಲ. ಕೆಮ್ಮುವಂತೆಯೂ ಇಲ್ಲ.

ಆ ವೇಷದೊಳಗೆ ಕಾಲು ಕಾಣುವುದಿಲ್ಲ, ಬಾಯಿಯ ಜಾಲರಿಯಿಂದ ಒಂದು ಹಿಡಿಯಷ್ಟು ಲೋಕ ಕಾಣುತ್ತದೆ. ತಲೆಯನ್ನು ಮೈಗೆ ಸೇರಿಸುವ ಜಿಪ್ಪು ಬೆನ್ನ ಮೇಲೆ, ತುಪ್ಪಳದ ಅಡಿಯಲ್ಲಿ. ಒಳಗಿರುವವನು ತಾನಾಗಿ ಬಿಚ್ಚಿಕೊಳ್ಳಲಾರ, ನಾನೇ ಬಿಚ್ಚಬೇಕು. ಹಾಗಾಗಿ ನಮ್ಮಿಬ್ಬರ ನಡುವೆ ಕೈಯ ಭಾಷೆ ಇತ್ತು. ಅವನು ಒಮ್ಮೆ ಹಿಚುಕಿದರೆ ಹೌದು, ಎರಡು ಸಲ ಹಿಚುಕಿದರೆ ಬೇಡ, ಮೂರು ಸಲ ಹಿಚುಕಿದರೆ ಉಸಿರು ಕಟ್ಟುತ್ತಿದೆ, ಆಚೆ ಕರೆದುಕೊಂಡು ಹೋಗು.

ಒಳಗಿದ್ದವನ ಹೆಸರು ಇನುಯಿ. ನಾಲ್ಕು ಮಾತಿನ ಕಡೆ ಒಂದಾಡುವ ಮನುಷ್ಯ. ಹೋಟೆಲಿಗೆ ಹೋದರೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ನೀರು ಕುಡಿದ ಮೇಲೆ ಪ್ರತಿ ಸಲ ಮೂರು ಸಣ್ಣ ಕೆಮ್ಮು, ಯಾರದೋ ಮನೆಯ ಬಾಗಿಲು ತಟ್ಟಿದ ಹಾಗೆ. ಆದರೆ ವೇಷ ಹಾಕಿದನೋ, ಅವನಷ್ಟು ಚೆಂದದ ನೀರುನಾಯಿ ಇನ್ನೊಂದಿಲ್ಲ. ಅಳುವ ಮಗುವಿನ ಮುಂದೆ ಅಂಗಾತ ಬಿದ್ದು ಹೊಟ್ಟೆಯ ಚಿಪ್ಪು ಬಡಿಯುತ್ತಿದ್ದ. ಕೆಲಸ ಮುಗಿದು ವ್ಯಾನಿಗೆ ಬಂದ ಮೇಲೂ "ಇನ್ನು ಸ್ವಲ್ಪ ಹೊತ್ತು ಇರ್ಲಿ" ಎಂದು ತಲೆ ತೆಗೆಸಿಕೊಳ್ಳದೆ ಕೂರುತ್ತಿದ್ದ. ಕೆಲಸದ ಮೇಲಿನ ಪ್ರೀತಿ ಎಂದುಕೊಂಡಿದ್ದೆ. ಎಂಥ ಪೆದ್ದಿ ನಾನು!

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ, ಸಮುದ್ರದ ಪಕ್ಕದ ಒಂದು ಊರಿನ ಹತ್ತಿರ ಬರುತ್ತಿದ್ದಂತೆ ಇನುಯಿ ಹೊಟ್ಟೆ ಹಿಡಿದುಕೊಂಡ.

"ತಮಾಯೆಸಾನ್, ಇವತ್ತು ನನ್ ಕೈಲಾಗಲ್ಲ. ಹೊಟ್ಟೆನೋವು."

"ನಿನ್ನೆ ಎರಡು ಬಟ್ಟಲು ನೂಡಲ್ಸ್ ಬಾರಿಸಿದ್ದು ಯಾರು, ನಾನಾ?"

"ಬೇರೆ ಯಾರನ್ನಾದ್ರೂ ಹಾಕಿ."

"ನಿಮ್ಮ ಅಳತೆಗೆ ಹೊಲಿದಿರೋ ನೀರುನಾಯಿ ಅದು. ಯಾರನ್ನ ತುರುಕ್ಲಿ? ಡ್ರೈವರನ್ನಾ? ಅವನ ಹೊಟ್ಟೇನೇ ಒಳಗೆ ಹಿಡಿಯಲ್ಲ." ಡ್ರೈವರು ಕನ್ನಡಿಯಲ್ಲಿ ನನ್ನನ್ನು ದುರುಗುಟ್ಟಿದ. ಇನುಯಿ ನಗಲಿಲ್ಲ.

"ಈ ಊರೊಂದು ಬೇಡ ಅಂದ್ರೆ..." ಎಂದು ಶುರು ಮಾಡಿದವನು ಅಲ್ಲಿಗೇ ನಿಲ್ಲಿಸಿದ. ನಾನು ಏಕೆಂದು ಕೇಳಲಿಲ್ಲ. ಕೇಳದಿರುವುದು ಮರ್ಯಾದೆ ತಾನೆ. ಊರಿನ ರೈಲು ನಿಲ್ದಾಣದ ಹಿಂದೆ ವ್ಯಾನಿನಲ್ಲೇ ವೇಷ ಹಾಕಿಸಿ, ತಲೆ ಕೂರಿಸಿ, ಜಿಪ್ಪೆಳೆದೆ. ಅಂದು ಅವನೇ ಅವಸರ ಮಾಡಿ ತಲೆ ಕೇಳಿ ಹಾಕಿಸಿಕೊಂಡ.

ಅಂದು ಕವಾಮಾರು ಒಂದು ದಿನದ ಠಾಣಾಧಿಕಾರಿ. ನಮ್ಮಲ್ಲಿ ಇದೊಂದು ಪದ್ಧತಿ. ಸಿನಿಮಾ ನಟಿಯೋ, ಕುಸ್ತಿಯವನೋ, ಯಾರೂ ಸಿಗದಿದ್ದರೆ ಹೀಗೊಂದು ತುಪ್ಪಳದ ಪ್ರಾಣಿಯೋ ಬಂದು ಹೆಗಲಿಗೆ ಪಟ್ಟಿ ಹಾಕಿಕೊಂಡು ಒಂದು ದಿನ ಪೊಲೀಸರಿಗೆ ಯಜಮಾನಿಕೆ ಮಾಡುವುದು. ಪಟ್ಟಿ ಹಾಕಿಕೊಂಡ ಹೊತ್ತಿನಷ್ಟು ಪೊಲೀಸರು ನಿಜವಾಗಿಯೂ ಸಲ್ಯೂಟ್ ಹೊಡೆಯುತ್ತಾರೆ, ಯಾರೂ ನಗುವುದಿಲ್ಲ. ನಿಲ್ದಾಣದ ಎದುರಿನ ಚೌಕದಲ್ಲಿ ವೇದಿಕೆ, ಪೊಲೀಸ್ ಬ್ಯಾಂಡು, ನಮಗೊಂದು ಬಿಳಿ ಗುಡಾರ. ಅಲ್ಲಿ ನಮ್ಮನ್ನು ಬರಮಾಡಿಕೊಂಡವರು ಇನ್‌ಸ್ಪೆಕ್ಟರ್ ಕುಜಿ. ಮನುಷ್ಯ ಒಳ್ಳೆಯವರೇ, ಆದರೆ ಉಗುರು ಕತ್ತರಿಸಿಕೊಳ್ಳಲೂ ಒಂದು ಪೂರ್ವಾಭ್ಯಾಸ ಮಾಡುವ ಜಾತಿ.

"ಈ ವಾರ ಕಾಣೆಯಾದವರನ್ನ ಹುಡುಕೋ ವಾರ," ಎಂದು ಅವರು ನನ್ನ ಕೈಗೆ ಟಿಶ್ಯೂ ಪೊಟ್ಟಣ ತುಂಬಿದ ಬುಟ್ಟಿ ಕೊಟ್ಟರು. "ಒಂದು ಕಡೆ ನಿಮ್ಮ ಮೇಳದ ಜಾಹೀರಾತು, ಇನ್ನೊಂದು ಕಡೆ ನಮ್ಮೂರಿಂದ ಕಾಣೆಯಾದವರೊಬ್ಬರ ಫೋಟೋ. ಖರ್ಚು ಅರ್ಧ ಅರ್ಧ. ಮೊದಲು ಠಾಣಾಧಿಕಾರಿಗಳು ಇದನ್ನ ಹಂಚ್ತಾರೆ. ಆಮೇಲೆ ಆ ಮನುಷ್ಯರ ಮಗಳು ವೇದಿಕೆ ಮೇಲೆ ಬಂದು, ನಮ್ಮಪ್ಪನ್ನ ಹುಡುಕಿಕೊಡಿ ಅಂತ ಠಾಣಾಧಿಕಾರಿಗಳನ್ನ ಕೇಳ್ತಾಳೆ. ಇವರು ಸಲ್ಯೂಟ್ ಹೊಡೀತಾರೆ. ಸಲ್ಯೂಟ್ ಅಂದ್ರೆ ಮನವಿ ಒಪ್ಪಿದ ಹಾಗೆ. ಫೋಟೋ ತೆಗೀತಾರೆ, ಮುಗೀತು. ಎಲ್ಲಿ, ಒಂದ್ಸಲ ಸಲ್ಯೂಟ್ ಮಾಡಿ ನೋಡೋಣ?"

ಕವಾಮಾರು ಕೈಯೆತ್ತಿದ. ಎಡವಟ್ಟಾಗಿದ್ದು ಇಲ್ಲೇ. ನೀರುನಾಯಿಯ ತೋಳು ಮೊಂಡು, ತಲೆ ದೊಡ್ಡದು. ಕೈ ಕೆನ್ನೆಯ ತನಕ ಬಂದು ನಿಂತಿತು, ಹಲ್ಲುನೋವಿನವನ ಹಾಗೆ. ಕುಜಿಯವರು ಗಾಬರಿಯಾದರು. ನಾನು ಹಿಂದೆ ನಿಂತು ಮೊಣಕೈ ಮೇಲಕ್ಕೆ ತಳ್ಳಿದೆ. ಆಗ ಕೈ ಹಣೆಗೆ ಮುಟ್ಟಿತು.

"ಹಾಂ! ಹಾಗೇ ಮಾಡಿ. ನೀವು ತಳ್ಳಿದ್ದು ಕಾಣಬಾರ್ದು," ಎಂದು ಅವರು ಸಮಾಧಾನದಿಂದ ಹೊರಟರು.

ನಾನು ಪೊಟ್ಟಣವೊಂದನ್ನು ತಿರುಗಿಸಿ ನೋಡಿದೆ. ಕಪ್ಪು ಕೋಟು ತೊಟ್ಟ ಗಂಡಸು. ಹೆಸರು ಕುರೆಮಾತ್ಸು ಶಿಗೆಹಾರು, ಕಾಣೆಯಾಗಿ ಏಳು ವರ್ಷ. ಎಡ ಹುಬ್ಬು ನಡುವೆ ತುಂಡಾಗಿದೆ, ಹಳೆಯ ಗಾಯ. ಆ ತುಂಡು ಹುಬ್ಬಿನ ಮೇಲಿನ ಬೆವರನ್ನು ನಾನು ಎಂಟು ತಿಂಗಳಿಂದ ದಿನಾ ಒರೆಸುತ್ತಿದ್ದೇನೆ. ಇನುಯಿ ಎಂಬುದು ಅವನೇ ಕಟ್ಟಿಕೊಂಡ ಹೆಸರು.

ಪೊಟ್ಟಣವನ್ನು ನೀರುನಾಯಿಯ ಬಾಯಿಯ ಜಾಲರಿಗೆ ಹಿಡಿದೆ. "ಇದು ನೀವಾ?"

ಅವನು ನನ್ನ ಕೈಯನ್ನು ಒಮ್ಮೆ ಹಿಚುಕಿದ. ಆಮೇಲೆ ಮೂರು ಸಲ. ಮತ್ತೆ ಮೂರು ಸಲ. ನಾನು ಅವನನ್ನು ವ್ಯಾನಿಗೆ ಒಯ್ಯಬೇಕಿತ್ತು, ಆದರೆ ಅಷ್ಟರಲ್ಲಿ ಬ್ಯಾಂಡು ಶುರುವಾಯಿತು, ಇಬ್ಬರು ಪೇದೆಗಳು ಬಂದು ಗುಡಾರದ ಪರದೆ ಸರಿಸಿ ಸಲ್ಯೂಟ್ ಹೊಡೆದು ನಿಂತರು. ಆಚೆ ಮಕ್ಕಳು "ಕವಾಮಾರೂ!" ಎಂದು ಕಿರುಚಿದರು. ಹೋಗದೆ ಬೇರೆ ದಾರಿ ಇರಲಿಲ್ಲ.

ಅವನು ತನ್ನ ಮುಖವನ್ನು ತಾನೇ ಹಂಚಿದ. ಆಚೆ ಬದಿಯಲ್ಲಿ, ರೈಲಿನಿಂದ ಇಳಿದವರು ಬರುವ ಕಡೆ, ಒಬ್ಬ ಹೆಂಗಸು ಮತ್ತು ಹನ್ನೆರಡರ ಒಬ್ಬ ಹುಡುಗಿ ಅದೇ ಪೊಟ್ಟಣ ಹಂಚುತ್ತಿದ್ದರು. ಪ್ರತಿಯೊಬ್ಬರಿಗೂ ಸೊಂಟ ಬಗ್ಗಿಸಿ ನಮಸ್ಕರಿಸಿ, ಎರಡು ಕೈಯಲ್ಲೂ ಹಿಡಿದು ಕೊಡುತ್ತಿದ್ದರು. ಜನ ತೆಗೆದುಕೊಂಡು, ನೋಡದೆ ಜೇಬಿಗಿಳಿಸುತ್ತಿದ್ದರು. ನೀರುನಾಯಿಯ ತಲೆ ಆ ಕಡೆಗೆ ಒಮ್ಮೆಯೂ ತಿರುಗಲಿಲ್ಲ. ಅಷ್ಟು ದೊಡ್ಡ ತಲೆಯನ್ನು ಒಂದು ಕಡೆಗೆ ತಿರುಗಿಸದೆ ಇರುವುದೂ ಸುಲಭವಲ್ಲ. ನನಗೆ ಕನಿಕರವೂ ಆಯಿತು, ಸಿಟ್ಟೂ ಬಂತು. ಎರಡರಲ್ಲಿ ಸಿಟ್ಟೇ ಹೆಚ್ಚು ಎಂದರೆ ಸುಳ್ಳಲ್ಲ.

ಬಿಡುವಿನಲ್ಲಿ ಗುಡಾರಕ್ಕೆ ಬಂದು, ಅವನನ್ನು ಮಡಚುವ ಕುರ್ಚಿಯ ಮೇಲೆ ಕೂರಿಸಿ, ಜಿಪ್ಪಿಗೆ ಕೈ ಹಾಕಿದ್ದೇ ತಡ, ಕುಜಿಯವರು ಪರದೆ ಸರಿಸಿ ಒಳಗೆ ಬಂದರು. ಹಿಂದೆ ತಾಯಿ, ಮಗಳು.

"ಕುರೆಮಾತ್ಸು ಮಿನೆಕೊಸಾನ್, ಮಗಳು ನಾಗಿಸಾ. ಠಾಣಾಧಿಕಾರಿಗಳಿಗೆ ಕೃತಜ್ಞತೆ ಹೇಳಬೇಕಂತೆ. ಆಚೆ ಬಿಸಿಲು ಬೇರೆ, ಇಲ್ಲೇ ಒಂದು ಲೋಟ ಚಹಾ ಕುಡೀಲಿ," ಎಂದು ಅವರನ್ನು ನಮ್ಮ ಕೈಗೊಪ್ಪಿಸಿ ಹೊರಟುಬಿಟ್ಟರು.

ಮಿನೆಕೊ ನೀರುನಾಯಿಗೆ ತಲೆ ಬಾಗಿ ನಮಸ್ಕರಿಸಿದಳು. ನೀರುನಾಯಿ ಕೂತಲ್ಲೇ ಬಾಗಿತು. ಅವಳು ಇನ್ನೊಮ್ಮೆ ಬಾಗಿದಳು, ಅದೂ ಇನ್ನೊಮ್ಮೆ ಬಾಗಿತು. ನಾನು ಚಹಾ ಬಗ್ಗಿಸಿ ಕೊಟ್ಟೆ.

"ಈ ಸೆಖೇಲಿ ಪಾಪ, ನಮಗೋಸ್ಕರ," ಎಂದಳು ಮಿನೆಕೊ. "ಇದೇ ಕೊನೇ ಸಲ. ಮುಂದಿನ ವಾರ ಕೋರ್ಟಿಗೆ ಹೋಗ್ತಿದ್ದೀವಿ. ಏಳು ವರ್ಷ ಪತ್ತೆ ಇಲ್ದೇ ಇದ್ರೆ ಸತ್ತುಹೋದ್ರು ಅಂತ ತೀರ್ಮಾನ ಕೊಡ್ತಾರಲ್ಲ. ನಮ್ಮತ್ತೆ ಹಾಸಿಗೆ ಹಿಡಿದಿದಾರೆ. ಮಗನ ಹೆಸರನ್ನ ಸಮಾಧಿ ಕಲ್ಲಿನ ಮೇಲೆ ಕೆತ್ತಿಸಿ, ಒಂದು ಪೂಜೆ ಮಾಡಿಸಿ ಕಣ್ಣು ಮುಚ್ಚಬೇಕು ಅಂತಾರೆ."

"ನಿಮಗೆ?" ಎಂದೆ. ಕೇಳಬಾರದಿತ್ತು. ಕೇಳಿದೆ.

"ನಂಗೆ ಸುಸ್ತಾಗಿದೆ." ಅವಳು ಬೀಸಣಿಗೆ ತೆಗೆದು ಮಗಳಿಗೆ ಗಾಳಿ ಹಾಕಿದಳು. "ಅವರ ಕೆಲಸ ಹೋಗಿತ್ತು. ಹೇಳ್ಲಿಲ್ಲ. ತಿಂಗಳುಗಟ್ಟಲೆ ದಿನಾ ಬೆಳಿಗ್ಗೆ ಕೋಟು ಹಾಕ್ಕೊಂಡು, ನಾನು ಕಟ್ಟಿಕೊಟ್ಟ ಬುತ್ತಿ ತಗೊಂಡು ಹೋಗೋರು. ಎಲ್ಲೋ ಪಾರ್ಕಲ್ಲಿ ಕೂತು ಸಾಯಂಕಾಲ ಬರೋರು. ನಂಗೆ ಗೊತ್ತಾಗಿತ್ತು. ಬುತ್ತಿ ಡಬ್ಬಿ ತೊಳೆದು ತರ್ತಿದ್ರು. ಆಫೀಸಿಗೆ ಹೋಗೋ ಯಾವ ಗಂಡಸು ಡಬ್ಬಿ ತೊಳೀತಾನೆ ಹೇಳಿ?"

"ಗೊತ್ತಿದ್ದೂ ಸುಮ್ನಿದ್ರಾ?"

"ಕೇಳಿದ್ರೆ ನಾಚ್ಕೋತಾರೆ ಅಂತ. ಗೊತ್ತಿಲ್ಲದ ಹಾಗೆ ಇರೋದೇ ಅವರಿಗೆ ಕೊಡೋ ಮರ್ಯಾದೆ ಅಂದ್ಕೊಂಡೆ. ಒಂದಿನ ಅವರ ಹಳೇ ಆಫೀಸಿನ ಒಬ್ಬರು ಮನೆಗೆ ಬಂದಿದ್ರು. ಬಂದೋರ ಬೂಟು ಬಾಗಿಲಲ್ಲಿತ್ತು. ಇವರು ಅದನ್ನ ನೋಡಿ, ಗುಟ್ಟು ಬಯಲಾಯ್ತು ಅಂತ ಹಾಗೇ ತಿರುಗಿ ಹೋದ್ರು ಅನ್ಸತ್ತೆ. ಪಡಸಾಲೆಗೆ ಬಾಗಿಲು ಸರಿದ ಸದ್ದು ಕೇಳಿಸ್ತು. ನಾನು ಎದ್ದು ನೋಡ್ಲಿಲ್ಲ." ಬೀಸಣಿಗೆ ಆಡುತ್ತಲೇ ಇತ್ತು. "ಎದ್ದು ನೋಡ್ಬೇಕಿತ್ತು."

ನಾಗಿಸಾ ಪೊಟ್ಟಣವೊಂದನ್ನು ತಿರುಗಿಸುತ್ತ ಹೇಳಿದಳು, "ನಂಗೆ ಅಪ್ಪನ ಮುಖ ಇದರಿಂದ ಗೊತ್ತು. ದನಿ ಮಾತ್ರ ನೆನಪಾಗಲ್ಲ ಆಂಟಿ. ಎಷ್ಟು ಯೋಚಿಸಿದ್ರೂ ಬರಲ್ಲ."

ನನ್ನ ಪಕ್ಕದ ಪಂಜ ನನ್ನ ಕೈಯನ್ನು ಹಿಚುಕಿತು. ಮೂರು ಸಲ. ಜಾಲರಿಯಿಂದ ಬರುತ್ತಿದ್ದ ಉಸಿರು ಬಿಸಿಯಾಗಿ, ತುಂಡು ತುಂಡಾಗಿತ್ತು. ಆ ಸೆಖೆಯಲ್ಲಿ ತಲೆ ತೆಗೆಯದೆ ಅವನು ಒಂದೂವರೆ ಗಂಟೆ ಕಳೆದಿದ್ದ. ಇನ್ನು ಸ್ವಲ್ಪ ಬಿಟ್ಟರೆ ಮೂರ್ಛೆ ಹೋಗುತ್ತಾನೆಂದು ನನಗೆ ಗೊತ್ತಾಯಿತು.

"ಕವಾಮಾರುಗೆ ಸ್ವಲ್ಪ ನೀರು ಬೇಕಂತೆ," ಎಂದೆ. "ನೀವು..."

ಆಚೆ ಗುಡಾರದ ಸುತ್ತ ಮಕ್ಕಳು ಮುತ್ತಿಕೊಂಡಿದ್ದರು, ಪರದೆಯ ಬಟ್ಟೆಗೆ ಒತ್ತಿದ ಪುಟ್ಟ ಮೂಗುಗಳು. ಇವರನ್ನು ಆಚೆ ಕಳಿಸಲು ಪರದೆ ತೆಗೆದರೆ ಮಕ್ಕಳು ಒಳಗೆ ನುಗ್ಗುತ್ತಾರೆ. ಮಿನೆಕೊಗೂ ಅದು ಹೊಳೆಯಿತು. ಅವಳು ನಾಚಿಕೆಯಿಂದ ಕೆಂಪಾದಳು.

"ಅಯ್ಯೋ, ನಾವು ಬಂದು ತೊಂದರೆ ಕೊಟ್ವಿ! ನಾಗಿಸಾ, ಆ ಕಡೆ ತಿರುಗು. ಕಣ್ಣು ಮುಚ್ಕೋ. ನಾವು ನೋಡಲ್ಲ, ನೀವು ಆರಾಮಾಗಿ ಇರಿ." ತಾಯಿ ಮಗಳಿಬ್ಬರೂ ನಮಗೆ ಬೆನ್ನು ಮಾಡಿ, ಗುಡಾರದ ಬಟ್ಟೆಗೆ ಮುಖ ಮಾಡಿ ನಿಂತರು. ಹುಡುಗಿ ಎರಡು ಕೈಯಿಂದಲೂ ಕಣ್ಣು ಮುಚ್ಚಿಕೊಂಡಳು.

ನಾನು ಜಿಪ್ಪೆಳೆದೆ. ಅವನಿಗೆ ಗಾಳಿ ಬೇಕೆಂದಷ್ಟೇ ಅಲ್ಲ. ಇಂಥ ಗಳಿಗೆ ಸಿಕ್ಕರೆ ಬಾಯಿ ಬಿಡುತ್ತಾನೆ ಎಂದು ನನಗೆ ಆಸೆ. ತಲೆ ತೆಗೆದಾಗ ಅವನ ಮುಖ ಬೆಂದ ಹಾಗೆ ಕೆಂಪಾಗಿತ್ತು. ಅವನು ನೀರು ಕುಡಿಯಲಿಲ್ಲ, ಆ ಎರಡು ಬೆನ್ನುಗಳನ್ನು ನೋಡುತ್ತ ಕೂತ. ಕೈ ಚಾಚಿದರೆ ಮಗಳ ಜಡೆ ಸಿಗುತ್ತಿತ್ತು. ನಾನು ಬಾಯಿಯ ಸನ್ನೆಯಲ್ಲೇ ಹೇಳಿದೆ: ಕರೀರಿ. ಅವನು ಆಗದೆಂದು ತಲೆಯಾಡಿಸಿದ. ನಾನು ಕುತ್ತಿಗೆಯ ಹತ್ತಿರ ಜೋರಾಗಿ ಚಿವುಟಿದೆ. ಅವನ ಕಣ್ಣಲ್ಲಿ ನೀರು ಬಂತೇ ಹೊರತು ಮಾತು ಬರಲಿಲ್ಲ. ವೇಷದ ಒಳಗೆ ಸಿಕ್ಕಿಬಿದ್ದಿದ್ದಾನೆ ಎಂದುಕೊಂಡಿದ್ದೆನಲ್ಲ, ತಪ್ಪು. ತಲೆ ತೆಗೆದರೂ ಅವನು ಒಳಗೇ ಇದ್ದ.

ನೀರಿನ ಬಾಟಲಿಯ ಕೊಳವೆಯನ್ನು ನಾನೇ ಅವನ ಬಾಯಿಗಿಟ್ಟೆ. ಕುಡಿದ. ಕುಡಿದ ಮೇಲೆ, ಪಾಪ, ತಡೆದುಕೊಳ್ಳಲಾರದೆ, ಮೂರು ಸಣ್ಣ ಕೆಮ್ಮು.

ಮಿನೆಕೊಳ ಬೀಸಣಿಗೆ ನಿಂತಿತು.

ಅವಳು ತಿರುಗಲಿಲ್ಲ. ಅವಳ ಹೆಗಲು ಮೇಲೆ ಸರಿದು ಅಲ್ಲೇ ನಿಂತಿತು. ಹೆಂಡತಿಯಾದವಳಿಗೆ ಆ ಕೆಮ್ಮು ತಿಳಿಯದೇ ಇರುತ್ತದೆಯೇ? ತಿಳಿಯಿತು. ತಿಳಿದು, ಕಾದಳು. ನಾನೂ ಕಾದೆ. ಬೆನ್ನ ಹಿಂದಿನವನು ಒಂದು ಮಾತು ಆಡಲಿ ಎಂದು ಇಬ್ಬರು ಹೆಂಗಸರು ಉಸಿರು ಹಿಡಿದು ಕಾದೆವು. ಅವನು ನೆಲದ ಮೇಲಿದ್ದ ನೀರುನಾಯಿಯ ತಲೆಯನ್ನು ತಾನೇ ಎತ್ತಿ ಹಾಕಿಕೊಂಡು, ಜಿಪ್ಪಿಗಾಗಿ ನನಗೆ ಬೆನ್ನು ಕೊಟ್ಟ.

ಜಿಪ್ಪಿನ ಸದ್ದು ಪೂರ್ತಿ ಮೇಲೆ ಹೋಗುವವರೆಗೂ ಮಿನೆಕೊ ಕೇಳಿಸಿಕೊಂಡಳು. ಆಮೇಲೆ ಬಗ್ಗಿ ಮಗಳ ಕಿವಿಯಲ್ಲಿ ಏನೋ ಹೇಳಿದಳು. "ಯಾಕಮ್ಮ?" ಎಂದಳು ನಾಗಿಸಾ. "ಹೇಳಿದಷ್ಟು ಮಾಡು," ಎಂದಳು ತಾಯಿ. ಈಗ ತಿರುಗಿ, ನೀರುನಾಯಿಯ ಗಾಜಿನ ಕಣ್ಣುಗಳನ್ನೇ ನೋಡಿದಳು. ಮುಖದಲ್ಲಿ ಒಂದು ಹನಿ ನೀರಿಲ್ಲ.

"ಚಹಾ ಚೆನ್ನಾಗಿತ್ತು. ನಿಮ್ಮ ಬಿಡುವನ್ನ ಹಾಳು ಮಾಡಿದ್ವಿ," ಎಂದು ನಮಸ್ಕರಿಸಿ ಹೊರಟಳು.

ಅವರು ಹೋದ ಮೇಲೆ ನನ್ನ ಸಿಟ್ಟು ಕಟ್ಟೆಯೊಡೆಯಿತು. "ನೀವೂ ಒಬ್ಬ ಮನುಷ್ಯನಾ? ಗೊತ್ತಾಯ್ತು ಅವಳಿಗೆ. ಗೊತ್ತಾಗಿ ನಿಂತಿದ್ಲು!" ಎಂದು ಆ ದೊಡ್ಡ ತಲೆಗೆ ಬೈದೆ. ತಲೆ ನಗುತ್ತಲೇ ಇತ್ತು. ಆ ನಗುವನ್ನು ಹೊಲಿದವನ ಕೈ ಮುರಿಯಬೇಕು ಅನ್ನಿಸಿತು.

ವೇದಿಕೆ ಹತ್ತಿದೆವು. ಚೌಕ ತುಂಬಿತ್ತು. ಮುಂದಿನ ಸಾಲಿನಲ್ಲಿ ಶಿಶುವಿಹಾರದ ಮಕ್ಕಳು ಹಳದಿ ಟೋಪಿ ಹಾಕಿ ಕೂತಿದ್ದರು. ಕುಜಿಯವರು ಧ್ವನಿವರ್ಧಕದಲ್ಲಿ ನಾಲ್ಕು ಮಾತಾಡಿ ನಾಗಿಸಾಳನ್ನು ಕರೆದರು. ಹುಡುಗಿ ನೀರುನಾಯಿಯ ಎದುರು ನೆಟ್ಟಗೆ ನಿಂತಳು. ತಾಯಿ ವೇದಿಕೆಯ ಮೆಟ್ಟಿಲ ಕೆಳಗೆ.

"ಠಾಣಾಧಿಕಾರಿಗಳೇ," ಎಂದಳು ನಾಗಿಸಾ. ದನಿ ಸಣ್ಣದು, ಆದರೆ ನಡುಗಲಿಲ್ಲ. "ನಮ್ಮಪ್ಪ ಕುರೆಮಾತ್ಸು ಶಿಗೆಹಾರು ಅವರನ್ನ... ಇನ್ನು ಮುಂದೆ ಹುಡುಕೋದು ಬೇಡ. ಬರೋಕೆ ಅವರಿಗೆ ಇಷ್ಟ ಇಲ್ಲ ಅಂತ ಗೊತ್ತಾಯ್ತು. ಇಷ್ಟು ವರ್ಷ ನಿಮಗೆಲ್ಲ ತೊಂದರೆ ಕೊಟ್ವಿ, ಕ್ಷಮಿಸಿ. ದಯವಿಟ್ಟು ಒಪ್ಪಿಕೊಳ್ಳಿ."

ಕುಜಿಯವರ ಮುಖ ಬಿಳಿಚಿತು. ಪೂರ್ವಾಭ್ಯಾಸದಲ್ಲಿ ಇದು ಇರಲಿಲ್ಲ. ಆದರೆ ಕ್ಯಾಮೆರಾದವರು ಸಿದ್ಧವಾಗಿದ್ದರು, ಬ್ಯಾಂಡಿನವನು ಕೋಲೆತ್ತಿ ನಿಂತಿದ್ದ, ಮನವಿ ಯಾವುದೇ ಇರಲಿ, ಮುಂದಿನದು ಸಲ್ಯೂಟ್. "ಸಲ್ಯೂಟ್, ಸಲ್ಯೂಟ್," ಎಂದು ಅವರು ಹಲ್ಲಿನ ಸಂದಿಯಲ್ಲೇ ಪಿಸುಗುಟ್ಟಿದರು.

ನಾನು ಮಿನೆಕೊಳನ್ನು ನೋಡಿದೆ. ಅವಳು ನೀರುನಾಯಿಯ ಕೈಯನ್ನೇ ನೋಡುತ್ತಿದ್ದಳು. ಆ ಕೈ ಹಣೆ ಮುಟ್ಟಿದರೆ ಮುಗಿಯಿತು, ಮುಂದಿನ ವಾರ ಕೋರ್ಟಿನವರು ಬರೆಯುವುದಷ್ಟೇ ಬಾಕಿ. ಸಾಯುವವನ ಒಪ್ಪಿಗೆಯನ್ನು ಅವನ ಕೈಯಿಂದಲೇ ಪಡೆಯಲು ನಿಂತಿದ್ದಳು ಆ ಹೆಂಗಸು. ನನಗೆ ಅವಳ ಮೇಲೆ ಗೌರವ ಬಂತು, ಭಯವೂ ಆಯಿತು.

ಅವನು ನನ್ನ ಕೈ ಬಿಡಿಸಿಕೊಂಡ. ಮೊಂಡು ತೋಳು ಮೇಲೆದ್ದಿತು. ಕೆನ್ನೆಯ ತನಕ ಬಂತು. ನಿಂತಿತು. ನನ್ನ ಅಂಗೈಗಾಗಿ ಕಾಯಿತು.

ನಾನು ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡೆ. ಸಾಯುವುದಿದ್ದರೆ ನಿನ್ನ ಕೈಯಿಂದಲೇ ಸಾಯಿ, ನನ್ನ ಕೈಯನ್ನು ಅದಕ್ಕೆ ಬಳಸಬೇಡ ಎಂದುಕೊಂಡೆ.

ತೋಳು ಇನ್ನೊಮ್ಮೆ ಎಗರಿತು. ಮಕ್ಕಳು ಕಿಲಕಿಲ ನಕ್ಕರು. "ಮುಟ್ಟಲ್ಲ! ಕವಾಮಾರು ಕೈ ಮುಟ್ಟಲ್ಲ!" ದೊಡ್ಡವರೂ ನಕ್ಕರು. ನಾಗಿಸಾ ಮಾತ್ರ ನಗದೆ ಕಾಯುತ್ತಿದ್ದಳು. ನೀರುನಾಯಿಯ ಕೈ ಕೆಳಗಿಳಿದು, ನನ್ನ ಕೈಯನ್ನು ಬೆನ್ನ ಹಿಂದೆ ತಡಕಾಡಿ ಹಿಡಿದು, ಹಿಚುಕಿತು. ಒಂದು ಸಲ: ಹೌದು, ಎತ್ತು. ನಾನು ಅಲುಗಲಿಲ್ಲ. ಮೂರು ಸಲ: ಆಚೆ ಕರೆದುಕೊಂಡು ಹೋಗು. ಅಲುಗಲಿಲ್ಲ. ಮೂರು ಹಿಚುಕಿಗೆ ಬೇಕೆಂದೇ ಅಲುಗದೆ ನಿಂತದ್ದು ಅದೊಂದೇ ಸಲ. ಅವನು ಒಳಗೇ ಕುಸಿದರೆ ಅದು ನನ್ನ ತಲೆಗೆ ಬರುತ್ತಿತ್ತು. ಗೊತ್ತಿದ್ದೂ ನಿಂತೆ. ಈಗ ಅವನಿಗೆ ನನ್ನ ಕೈಯೂ ಇಲ್ಲ, ನನ್ನ ಬಾಯಿಯೂ ಇಲ್ಲ. ಉಳಿದಿದ್ದು ಅವನದೇ ಬಾಯಿ.

ನಗು ತಾನಾಗಿ ನಿಂತಿತು. ಬ್ಯಾಂಡಿನವನ ಕೋಲು ಕೆಳಗಿಳಿಯಿತು. ಆ ಮೌನದಲ್ಲಿ ಜಾಲರಿಯ ಒಳಗಿಂದ ಕೆಮ್ಮು ಕೇಳಿಸಿತು, ಆಮೇಲೆ ಒಡೆದ ದನಿ.

"ನಾಗಿಸಾ. ಇಲ್ಲೇ ಇದ್ದೀನಿ ಮಗಳೇ."

ಮುಂದಿನ ಸಾಲಿನ ಮಗುವೊಂದು ಬಾಯಿ ತೆರೆದು ಹಾಗೇ ಕೂತುಬಿಟ್ಟಿತು. ಕವಾಮಾರು ಮಾತಾಡಿದ! ಮಾತಾಡಬಾರದ ಪ್ರಾಣಿ ಮಾತಾಡಿತ್ತು, ಅದೂ ಗಂಡಸಿನ, ಅಳುವ ಗಂಡಸಿನ ದನಿಯಲ್ಲಿ. ನನ್ನ ಕೆಲಸ ಹೋಯಿತು ಎಂದು ಆ ಕ್ಷಣವೇ ತಿಳಿಯಿತು, ಅದರಿಂದ ಒಂದಿಷ್ಟೂ ಬೇಜಾರಾಗಲಿಲ್ಲ.

ನಾಗಿಸಾ ನೀರುನಾಯಿಯನ್ನು ನೋಡಿದಳು. ತಾಯಿಯನ್ನು ನೋಡಿದಳು. ತಾಯಿ ಹೌದೆಂದು ತಲೆಯಾಡಿಸಿದಳು. ಹುಡುಗಿ ಓಡಿಬಂದು ತಬ್ಬಿಕೊಳ್ಳುತ್ತಾಳೆ ಎಂದುಕೊಂಡೆ. ಇಲ್ಲ, ಅವಳು ಬೆಳೆದದ್ದು ನಮ್ಮ ಜನರ ನಡುವೆ. ಅವಳು ನಿಧಾನ ತಿರುಗಿ ಬೆನ್ನು ಮಾಡಿ, ಎರಡು ಕೈಯಿಂದಲೂ ಕಣ್ಣು ಮುಚ್ಚಿಕೊಂಡಳು.

"ಆಂಟಿ, ಬಿಚ್ಚಿ," ಎಂದಳು. "ನಾನು ನೋಡಲ್ಲ. ಅಪ್ಪಂಗೆ ಸೆಖೆ ಆಗ್ತಿರತ್ತೆ."

ಅವಳನ್ನು ನೋಡಿ ಹಳದಿ ಟೋಪಿಯ ಮಗುವೊಂದು ಎದ್ದು ಬೆನ್ನು ಮಾಡಿ ಕಣ್ಣು ಮುಚ್ಚಿತು. ಆಮೇಲೆ ಅದರ ಪಕ್ಕದ್ದು. ಆಮೇಲೆ ಇಡೀ ಸಾಲು. ಶಿಶುವಿಹಾರದ ಟೀಚರು, ಮಕ್ಕಳನ್ನೆತ್ತಿಕೊಂಡ ತಾಯಂದಿರು, ರೈಲಿಗೆ ಹೊರಟು ನಿಂತ ಮುದುಕರು, ಕೊಳಲು ಡೋಲು ಹಿಡಿದ ಪೊಲೀಸರು, ಒಬ್ಬೊಬ್ಬರೇ ಸದ್ದಿಲ್ಲದೆ ತಿರುಗಿದರು. ಕ್ಯಾಮೆರಾದವರು ಕ್ಯಾಮೆರಾ ಇಳಿಸಿದರು. ಕೊನೆಗೆ ಇನ್‌ಸ್ಪೆಕ್ಟರ್ ಕುಜಿಯವರೂ, ಏನು ಮಾಡಬೇಕೆಂದು ಯಾರೂ ಹೇಳಿಕೊಡದೆ, ಟೋಪಿ ತೆಗೆದು ಎದೆಗೊತ್ತಿಕೊಂಡು ನಿಲ್ದಾಣದ ಕಡೆ ಮುಖ ಮಾಡಿದರು. ಇಡೀ ಚೌಕ ನಮಗೆ ಬೆನ್ನು ಮಾಡಿ ನಿಂತಿತು. ನನಗೆ ಹಿಡಿಸದ ಆ ಮರ್ಯಾದೆಗೆ ಅಂದು ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಜಿಪ್ಪೆಳೆದು ತಲೆ ತೆಗೆದೆ. ಅವನು ಬೆವರಿನಲ್ಲಿ ತೊಯ್ದು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ.

ತಿರುಗದೆ ಉಳಿದವಳು ಮಿನೆಕೊ ಒಬ್ಬಳೇ. ಅವಳು ಮೆಟ್ಟಿಲು ಹತ್ತಿ ಮೇಲೆ ಬಂದಳು. ಅವನು ತಲೆ ತಗ್ಗಿಸಿದ. ಅವಳು ತಗ್ಗಿಸಲಿಲ್ಲ. ಆ ಮುಖವನ್ನು, ತುಂಡು ಹುಬ್ಬನ್ನು, ಹೊಸದಾಗಿ ಬಂದ ಬಿಳಿ ಕೂದಲನ್ನು ಕಣ್ಣು ಮಿಟುಕಿಸದೆ ನೋಡಿದಳು. ಕೆನ್ನೆಗೆ ಬಾರಿಸುತ್ತಾಳೇನೋ ಎಂದು ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವಳು ನನ್ನ ಬುಟ್ಟಿಯಿಂದ ಒಂದು ಪೊಟ್ಟಣ ತೆಗೆದುಕೊಂಡು, ಅದರ ಮೇಲಿದ್ದ ಫೋಟೋದ ನಡುವೆಯೇ ಹರಿದು, ಒಳಗಿನ ಟಿಶ್ಯೂ ಎಳೆದು ಅವನ ಮುಂದೆ ಹಿಡಿದಳು.

"ಮುಖ ಒರೆಸ್ಕೊಳ್ಳಿ," ಎಂದಳು. "ಅವಳು ಈಗ ತಿರುಗ್ತಾಳೆ."